ಬೆಳ್ಳಿಯ ನಾಣ್ಯ, ಯುದ್ಧದ ನೆನಪು

ದಿನವೆಲ್ಲ ಹಣ ಎಣಿಸುವ ಬ್ಯಾಂಕಿನ ಗುಮಾಸ್ತರು ನಾವು. ಆದರೂ ಒಂದು ನಾಣ್ಯ ನಮ್ಮ ಲೆಕ್ಕಕ್ಕೆ ಸಿಕ್ಕಲಿಲ್ಲ. ಎರಡನೆಯ ಮಹಾಯುದ್ಧದ 50ನೆಯ ವಾರ್ಷಿಕದ ನೆನಪಿಗೆಂದು ಅಮೆರಿಕ 1993ರಲ್ಲಿ ಹೊರಡಿಸಿದ ಬೆಳ್ಳಿಯ ಡಾಲರು ಅದು. ನೂರಕ್ಕೆ 90 ಪಾಲು ಬೆಳ್ಳಿ. ಮೇಲೆ, 1944ರ ಜೂನ್ 6ರಂದು ನಾರ್ಮಂಡಿಯ ದಡಕ್ಕಿಳಿದ ಸೈನಿಕನ ಚಿತ್ರ. ಬರೆದ ಬೆಲೆ ಒಂದೇ ಡಾಲರು. ಕೊಳ್ಳುವವರಿಂದ ಸ್ಮಾರಕಗಳಿಗೆಂದೇ 8 ಡಾಲರು ಹೆಚ್ಚು ಪಡೆದರು. ನಮ್ಮ ಕೌಂಟರಿನಲ್ಲಿ ಹೀಗೆ ಕೇಳಿದರೆ ಜಗಳವೇ ಸರಿ!

ನಮ್ಮ ರೂಪಾಯಿಯ ಕಥೆ ಬೇರೆ. ಅದೇ ಯುದ್ಧದ ಕಾಲಕ್ಕೆ, 1940ರಲ್ಲಿ, ಅದರ ಬೆಳ್ಳಿ ನೂರಕ್ಕೆ ಸುಮಾರು 92ರಿಂದ 50ಕ್ಕೆ ಇಳಿಯಿತು. 1947ರ ರೂಪಾಯಿ ಬರಿಯ ನಿಕ್ಕಲ್. ಊರಿನಿಂದ ಬರುವಾಗ ಅಜ್ಜಿ ಕೊಟ್ಟ ರೂಪಾಯಿಯನ್ನು ಲಕ್ಷ್ಮೀಪೂಜೆಯ ತಟ್ಟೆಯಲ್ಲಿಡುವಾಗ ಇಸವಿ ನೋಡಿ. ನಮ್ಮ ಮನೆಯದು 1942ರದು. ಯುದ್ಧದ ಹೆಸರು ಅದರ ಮೇಲಿಲ್ಲ. ಬೆಳ್ಳಿ ಮಾತ್ರ ಅರ್ಧ.