ಮೂರು ಚಮಚ ಸಕ್ಕರೆ

ಸಕ್ಕರೆ ಕಾಯಿಲೆಯೆಂದರೆ ಸಕ್ಕರೆ ಏರುವ ಕಾಯಿಲೆಯೆಂದೇ ನಮ್ಮಲ್ಲಿ ಬಹುಮಂದಿಯ ತಿಳಿವಳಿಕೆ. ಹತ್ತು ವರ್ಷಗಳಿಂದ ಅದನ್ನು ಸಾಕಿಕೊಂಡು ಬಂದಿರುವ ನಾನೂ ಹಾಗೆಯೇ ತಿಳಿದಿದ್ದೆ. ಅದು ಇಳಿಯುವುದೂ ಉಂಟು, ಇಳಿದರೆ ನಿಮಿಷಗಳಲ್ಲಿ ಮನುಷ್ಯನನ್ನು ಕೆಡವಬಲ್ಲದು ಎಂಬ ಪಾಠವನ್ನು ನನಗೆ ಹೇಳಿಕೊಟ್ಟದ್ದು ಶ್ರವಣಬೆಳಗೊಳದ ದೊಡ್ಡಬೆಟ್ಟ.

ಮಗ, ಸೊಸೆ, ಏಳು ವರ್ಷದ ಮೊಮ್ಮಗ, ನನ್ನ ಹೆಂಡತಿ, ನಾನು, ಐವರೂ ಒಂದು ಭಾನುವಾರ ಮೈಸೂರಿನಿಂದ ಹೊರಟೆವು. ಬೆಳಗ್ಗೆ ಎಂದಿನಂತೆ ಗ್ಲಿಮೆಪಿರೈಡ್ ಮಾತ್ರೆ ನುಂಗಿದ್ದೆ. ತಿಂಡಿ ಮಾತ್ರ ಎಂದಿನಂತಿರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಒಂದೇ ಇಡ್ಲಿ, ಸಕ್ಕರೆಯಿಲ್ಲದ ಕಾಫಿ. ದಾರಿಯಲ್ಲಿ ಏನಾದರೂ ತಿನ್ನೋಣವೆಂದ ಮಗನಿಗೆ, ದರ್ಶನವಾದ ಮೇಲೆಯೇ ಊಟ ಎಂದು ಅಪ್ಪಣೆ ಕೊಟ್ಟವನೂ ನಾನೇ. ಆ ಮಾತ್ರೆಯ ಸ್ವಭಾವವಾದರೋ ಬೇರೆ. ಮೇದೋಜೀರಕ ಗ್ರಂಥಿಯನ್ನು ಪ್ರಚೋದಿಸಿ ಇನ್ಸುಲಿನ್ ಹೊರಡಿಸುವುದು ಅದರ ಕೆಲಸ. ಯಜಮಾನರ ಊಟವಾಯಿತೇ ಎಂದು ಅದು ವಿಚಾರಿಸುವುದಿಲ್ಲ. ಸಾಲದೆಂಬಂತೆ ಬೆಟ್ಟದ 600ಕ್ಕೂ ಹೆಚ್ಚು ಮೆಟ್ಟಿಲುಗಳು. ದುಡಿಯುವ ಕಾಲುಗಳೂ ರಕ್ತದಲ್ಲಿರುವ ಸಕ್ಕರೆಯನ್ನೇ ಬೇಡುತ್ತವೆ.

ಸಕ್ಕರೆ ಇಳಿದಾಗ ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ನಡುಗುತ್ತದೆ ಎಂದು ವೈದ್ಯರು ಹೇಳಿದ್ದರು. ಆದರೆ ಬಿಸಿಲಿನಲ್ಲಿ ಬೆಟ್ಟ ಹತ್ತುವವನಿಗೆ ಇವೆಲ್ಲ ಆಗದೆ ಇನ್ನೇನಾದೀತು? ವಯಸ್ಸಿನ ದಣಿವೆಂದುಕೊಂಡೆ. ವಿಹಾರದ ದಿನಗಳಲ್ಲಿ ಇರುವ ಅಪಾಯ ಇದೇ. ಮೈ ಕೂಗಿ ಹೇಳುವ ಎಚ್ಚರಿಕೆ ಅಂದಿನ ಸಡಗರದಲ್ಲಿ ಕರಗಿಹೋಗುತ್ತದೆ.

ಮೇಲೆ ತಲಪಿದೆವು. 58 ಅಡಿಯ ಆ ಪ್ರಶಾಂತ ಮೂರ್ತಿಯ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಭಾಷೆಗಳ ಚಿಕ್ಕ ಚಿಕ್ಕ ಬರಹಗಳಿವೆ. ಮೂವತ್ತು ವರ್ಷ ತರಗತಿಯಲ್ಲಿ ನಾನು ಪಾಠ ಹೇಳಿದ ಅಕ್ಷರಗಳು ಅವು. ಮೊಮ್ಮಗ ನನ್ನ ಪಂಚೆ ಹಿಡಿದೆಳೆದು, "ತಾತ, ಇದನ್ನು ಮಾಡಿಸಿದ್ದು ಯಾರು?" ಎಂದ. ನನಗೆ ಚಾವುಂಡರಾಯನ ಹೆಸರು ಬರಲಿಲ್ಲ. ನಾಲಗೆಯ ತುದಿಗೂ ಬರಲಿಲ್ಲ. ಆ ಹೆಸರು ಇರಬೇಕಾದ ಜಾಗವೇ ಬರಿದಾಗಿತ್ತು. ಮಗು ಮತ್ತೆ ಕೇಳಿದ. "ಸುಮ್ಮನಿರೋ, ತಲೆ ತಿನ್ನಬೇಡ!" ಎಂದು ನಾನು ಗದರಿದ ದನಿಗೆ ಸುತ್ತಲಿದ್ದ ಜನ ತಿರುಗಿ ನೋಡಿದರು. ಮಗುವಿನ ಮುಖ ಸಣ್ಣದಾಯಿತು. ಅದು ನನಗೆ ಕಾಣುತ್ತಿತ್ತು, ಆದರೆ ಬಹು ದೂರದಲ್ಲಿ ಯಾರಿಗೋ ಆದದ್ದೆಂಬಂತೆ.

ಎಲ್ಲರೂ ಮುದುಕರ ಸಿಡುಕೆಂದು ಬಿಡುತ್ತಿದ್ದರೇನೋ. ನನ್ನ ಹೆಂಡತಿ ಬಿಡಲಿಲ್ಲ. ಹಣೆ ಮುಟ್ಟಿ ನೋಡಿ, "ಇದು ಇವರ ಕೋಪವಲ್ಲ. ಇವರ ಕೋಪ ನನಗೆ ಗೊತ್ತಿದೆ. ಮೈ ತಣ್ಣಗಾಗಿದೆ," ಎಂದಳು. ರಕ್ತ ನೋಡುವ ಪುಟ್ಟ ಯಂತ್ರ ಬೆಟ್ಟದ ಕೆಳಗೆ ಕಾರಿನಲ್ಲಿತ್ತು. ಭಾರವೆಂದು ಆ ಚೀಲವನ್ನು ಬಿಟ್ಟುಬಂದವನೂ ನಾನೇ. ಹೆಂಡತಿ ಡಬ್ಬಿಯಿಂದ ಮೈಸೂರುಪಾಕು ತೆಗೆದಳು. ಸೊಸೆ, "ಬೇಡ ಅತ್ತೆ, ತುಪ್ಪದ ತಿಂಡಿಯಾದರೆ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ," ಎಂದು, ಮಗುವಿಗೆಂದು ತಂದಿದ್ದ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ನಾನು ಬೇಡವೆಂದು ಕೈ ತಳ್ಳಿದೆನಂತೆ. ನನಗೆ ನೆನಪಿಲ್ಲ.

ಹದಿನೈದು ನಿಮಿಷ ಗೋಡೆಗೊರಗಿ ಕುಳಿತೆ. ಲೋಕ ಮೆಲ್ಲಗೆ ಹತ್ತಿರ ಬಂದಿತು.

ಮಾರನೆಯ ದಿನ ವೈದ್ಯರು ವಿವರಿಸಿದರು. ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಎಚ್ಚರ, 54ಕ್ಕಿಂತ ಕೆಳಗಾದರೆ ಗಂಡಾಂತರ. ಮಿದುಳಿಗೆ ಗ್ಲೂಕೋಸೇ ಮುಖ್ಯ ಆಹಾರವಾದದ್ದರಿಂದ ಮಾತು, ನೆನಪು, ವಿವೇಕಗಳೇ ಮುಗ್ಗರಿಸತೊಡಗುತ್ತವೆ. ಸುಮಾರು 15 ಗ್ರಾಂ, ಎಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕುಡಿದು, ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಏರಿದ ಮೇಲೆ ಊಟ ಮಾಡಬೇಕು. ಯಂತ್ರ ಕೈಗೆಟುಕದಿದ್ದರೆ ಅದಕ್ಕಾಗಿ ಕಾಯುವಂತಿಲ್ಲ, ಮೊದಲು ಸಕ್ಕರೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು, ಉಸಿರಿನ ದಾರಿಗೆ ಹೋದೀತು. ಒಡನೆ ಆಸ್ಪತ್ರೆಗೆ ಒಯ್ಯಬೇಕು. ನಾನು ನುಂಗುವಂಥ ಮಾತ್ರೆಯಾದರೆ ಒಮ್ಮೆ ಏರಿದ ಸಕ್ಕರೆ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದಾದ್ದರಿಂದ ಇಡೀ ದಿನ ಕಣ್ಣಿಟ್ಟಿರಬೇಕಂತೆ. ವೈದ್ಯರು ಮಾತ್ರೆಯ ಪ್ರಮಾಣವನ್ನೂ ಇಳಿಸಿದರು.

ಇದೆಲ್ಲ ಕಠಿಣವಾದ ವಿದ್ಯೆಯಲ್ಲ. ಕಠಿಣವಾದದ್ದು ನಮ್ಮ ದಾಕ್ಷಿಣ್ಯ. ಮನೆಯ ಹಿರಿಯನಾದವನು "ನನಗೆ ಹಸಿವು, ಕಾರು ನಿಲ್ಲಿಸಿ" ಎನ್ನುವುದು ಹೇಗೆ? ಮಕ್ಕಳ ಸಂತೋಷಕ್ಕೆ ಅಡ್ಡ ಬರುವುದು ಹೇಗೆ? ಹೀಗೆ ಮರ್ಯಾದೆ ಕಾಯಲು ಹೋಗಿ ಕೊನೆಗೆ ಮಗುವಿನ ಮೇಲೆ ಕೂಗಿದೆ. ಹಿಂದೆ ಊಟದ ಹೊತ್ತು ಮೀರಿದ ದಿನಗಳಲ್ಲಿ ನಾನು ಮನೆಯಲ್ಲಿ ಆಡಿದ ಬಿರುನುಡಿಗಳಲ್ಲಿ ಎಷ್ಟು ನನ್ನವು, ಎಷ್ಟು ಸಕ್ಕರೆಯವು ಎಂಬ ಚಿಂತೆ ಆ ರಾತ್ರಿ ಕಾಡಿತು. ಹೆಂಡತಿಯೊಡನೆ ಹೇಳಿದೆ. "ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟಬೇಡಿ," ಎಂದಳು.

ಮೊಮ್ಮಗನ ಕ್ಷಮೆ ಕೇಳಿದೆ. ನಡೆದದ್ದನ್ನು ತಿಳಿಯುವಂತೆ ಹೇಳಿದೆ. ಅಂದಿನಿಂದ ಎಲ್ಲಿಗೆ ಹೊರಟರೂ ಸಕ್ಕರೆಯ ಪೊಟ್ಟಣ ಅವನ ಜೇಬಿನಲ್ಲಿ. ದಾರಿಯಲ್ಲಿ ನಾನು ಸ್ವಲ್ಪ ಹೊತ್ತು ಮೌನವಾದರೆ ಸಾಕು, "ತಾತ, ಗೊಮ್ಮಟನನ್ನು ಮಾಡಿಸಿದ್ದು ಯಾರು?" ಎಂದು ಕೇಳುತ್ತಾನೆ. ಉತ್ತರ ತುಸು ತಡವಾದರೂ ಅವನ ಕೈ ಜೇಬಿಗೆ ಹೋಗುತ್ತದೆ.