ವಿಳಾಸ ಕಾಯುವ ಕಸಬು

(ಬೈಕುಲ್ಲಾದ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕವಿಗಳೂ ಪಂಡಿತರೂ ನಿಲ್ಲತಕ್ಕ ಈ ಸ್ಥಳದಲ್ಲಿ ಸಂಘದವರು ಒಬ್ಬ ವ್ಯಾಪಾರಿಯನ್ನು ತಂದು ನಿಲ್ಲಿಸಿದ್ದಾರೆ. ಆ ವ್ಯಾಪಾರಿಯ ಅಂಗಡಿಯಲ್ಲಿ ತಕ್ಕಡಿಯೂ ಇಲ್ಲ, ಮಾಲೂ ಇಲ್ಲ. ಬೈಕುಲ್ಲಾ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಕ್ಕುವ ಒಂದು ಸಣ್ಣ ಗಾಳಾ, ಮೂರು ಕಂಪ್ಯೂಟರು, ನಾಲ್ವರು ಕೆಲಸಗಾರರು. ಇಷ್ಟೇ ನನ್ನ ಸಂಸ್ಥಾನ. ಅಂತರ್ಜಾಲದಲ್ಲಿ ವಿಳಾಸಗಳ ಡೈರೆಕ್ಟರಿ ನಡೆಸಲು ಬೇಕಾದ ತಂತ್ರಾಂಶವನ್ನು ಕಟ್ಟಿ, ವರ್ತಕರ ಮಂಡಲಗಳಿಗೂ ಸಮಾಜದ ಸಂಘಗಳಿಗೂ ಒದಗಿಸಿ, ಅದನ್ನು ನೋಡಿಕೊಂಡಿರುವುದು ನನ್ನ ಕಸಬು. ಇದರಲ್ಲಿ ಹೇಳುವಂಥದ್ದೇನಿದೆ ಎಂದು ತಾವು ಕೇಳಬಹುದು. ಹೇಳುವಂಥದ್ದು ಒಂದೇ: ಡೈರೆಕ್ಟರಿಯನ್ನು ಕಟ್ಟುವುದು ಸುಲಭ, ಕಾಯುವುದು ಕಷ್ಟ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ತಪ್ಪು ಮಾಡಿ ಕಲಿತೆ.

ನಮ್ಮ ಹಿರಿಯರು ಟ್ರಂಕು ಹಿಡಿದು ಈ ಪಟ್ಟಣಕ್ಕೆ ಬಂದಾಗ ಅವರ ಕಿಸೆಯಲ್ಲಿ ಒಂದು ಚೀಟಿ ಇರುತ್ತಿತ್ತು. ಅದರಲ್ಲಿ ಯಾವುದೋ ಉಡಿಪಿ ಹೋಟೆಲಿನ ಹೆಸರು. ಆ ಹೋಟೆಲಿನ ಗಲ್ಲೆಯಲ್ಲಿ ಕುಳಿತ ಧಣಿಗಳೇ ಅಂದಿನ ಡೈರೆಕ್ಟರಿ. ಯಾವ ಚಾಳಿನಲ್ಲಿ ಖೋಲಿ ಖಾಲಿ ಇದೆ, ಯಾವ ರಾತ್ರಿಶಾಲೆಗೆ ಹುಡುಗನನ್ನು ಸೇರಿಸಬಹುದು, ಯಾವ ಡಾಕ್ಟರು ಕನ್ನಡ ಬಲ್ಲರು, ಎಲ್ಲವೂ ಅವರಿಗೆ ಬಾಯಿಪಾಠ. ೧೯೦೨ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ೧೯೨೬ರ ಮೈಸೂರು ಅಸೋಸಿಯೇಷನ್, ೧೯೩೩ರ ಕರ್ನಾಟಕ ಸಂಘ, ಇಂಥ ಸಂಸ್ಥೆಗಳ ಸದಸ್ಯರ ಪುಸ್ತಕಗಳೂ ಡೈರೆಕ್ಟರಿಗಳೇ ಸರಿ. ಆದರೆ ಗಲ್ಲೆಯ ಧಣಿಗಳಲ್ಲಿ ಒಂದು ವಿಶೇಷವಿತ್ತು. ಬೆಳಗಿನ ಚಹಾಕ್ಕೆ ಬಂದವನು "ಆ ಖೋಲಿ ಹೋಯಿತು" ಎಂದರೆ, ಮಧ್ಯಾಹ್ನ ಊಟಕ್ಕೆ ಬಂದವನಿಗೆ ಅವರು ಆ ಖೋಲಿಯ ಮಾತೆತ್ತುತ್ತಿರಲಿಲ್ಲ. ಅವರ ಪಟ್ಟಿ ದಿನದಿನವೂ ತಿದ್ದುಪಡಿಯಾಗುತ್ತಿತ್ತು.

ಇನ್ನು ಅಂತರ್ಜಾಲದ ಕಥೆಗೆ ಬರೋಣ. ೧೯೯೪ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಜೆರಿ ಯಾಂಗ್ ಮತ್ತು ಡೇವಿಡ್ ಫೈಲೋ ಎಂಬವರು, ಅಂತರ್ಜಾಲದ ತಾಣಗಳನ್ನು ವಿಷಯವಾರು ವಿಂಗಡಿಸಿ ಒಂದು ಪಟ್ಟಿ ಮಾಡಿದರು. ಅದೇ ಬೆಳೆದು ಯಾಹೂ ಆಯಿತು. ೧೯೯೮ರಲ್ಲಿ ಡಿಮಾಜ್ ಎಂಬ ಮುಕ್ತ ಡೈರೆಕ್ಟರಿ ಹುಟ್ಟಿತು. ಸಾವಿರಾರು ಸ್ವಯಂಸೇವಕರು ಸಂಬಳವಿಲ್ಲದೆ ಲಕ್ಷಾಂತರ ತಾಣಗಳನ್ನು ಅದರಲ್ಲಿ ಅಡಕ ಮಾಡಿದರು. ಆದರೆ ತಾಣಗಳು ಹೆಚ್ಚಿದ ವೇಗಕ್ಕೆ ಮನುಷ್ಯನ ಕೈ ಸಾಲಲಿಲ್ಲ. ಹುಡುಕುಯಂತ್ರಗಳು ಆ ಕೆಲಸವನ್ನು ಕಸಿದುಕೊಂಡವು. ಯಾಹೂವಿನ ಡೈರೆಕ್ಟರಿ ೨೦೧೪ರ ಕೊನೆಯಲ್ಲಿಯೂ ಡಿಮಾಜ್ ೨೦೧೭ರಲ್ಲಿಯೂ ಬಾಗಿಲು ಹಾಕಿದವು.

ಅದೇ ಕಾಲದಲ್ಲಿ, ೧೯೯೬ರಲ್ಲಿ, ನಮ್ಮ ಮುಂಬಯಿಯಲ್ಲಿ ಜಸ್ಟ್ ಡಯಲ್ ಎಂಬ ಸಂಸ್ಥೆ ಹುಟ್ಟಿತು. ದೂರವಾಣಿ ಮಾಡಿ ಕೇಳಿದರೆ ಅಂಗಡಿಯ ವಿಳಾಸ ಹೇಳುವುದು ಅದರ ಕೆಲಸ. ಅದು ೨೦೦೭ರಲ್ಲಿ ಅಂತರ್ಜಾಲಕ್ಕೂ ಬಂದಿತು. ೨೦೨೧ರಲ್ಲಿ ರಿಲಯನ್ಸ್ ರಿಟೇಲಿನ ಕೈ ಸೇರಿತು. ದೊಡ್ಡವು ಮುಳುಗಿದಾಗ ಇದು ಏಕೆ ತೇಲಿತು? ನನಗೆ ತೋರುವ ಕಾರಣವಿಷ್ಟು: ಅಂತರ್ಜಾಲದ ತಾಣವನ್ನು ಯಂತ್ರ ತಾನೇ ಹೋಗಿ ಓದಬಲ್ಲುದು; ಆದರೆ ಮದನಪುರದ ಗಲ್ಲಿಯ ಒಬ್ಬ ಬಡಗಿ ಇನ್ನೂ ಅಲ್ಲಿದ್ದಾನೆಯೇ ಎಂಬುದನ್ನು ಯಾರಾದರೂ ಕೇಳಿಯೇ ತಿಳಿಯಬೇಕು. ನನ್ನಂಥ ಸಣ್ಣವರಿಗೂ ಅನ್ನ ಸಿಕ್ಕುತ್ತಿರುವುದು ಈ ಕಾರಣದಿಂದಲೇ.

ಕಟ್ಟುವ ಕೆಲಸದಲ್ಲಿ ಸ್ವಾರಸ್ಯವಿಲ್ಲವೆಂದಲ್ಲ. ಮೊದಲನೆಯ ನಿಯಮ, ಒಂದು ಸಂಗತಿ ಒಂದೇ ಕಡೆ ಇರಬೇಕು. ಒಬ್ಬರೇ ಪುರೋಹಿತರೂ ಅಡಿಗೆಯ ಗುತ್ತಿಗೆದಾರರೂ ಆಗಿದ್ದರೆ ಅವರ ಹೆಸರು ಎರಡು ವಿಭಾಗಗಳಲ್ಲಿ ಕಾಣಲಿ, ಆದರೆ ಫೋನ್ ನಂಬರು ಬರೆದಿಟ್ಟ ಜಾಗ ಒಂದೇ ಇರಲಿ. ಎರಡು ಕಡೆ ಬರೆದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೇವೆ.

ಎರಡನೆಯದು ಹೆಸರುಗಳ ತೊಡಕು. ಈ ಬೈಕುಲ್ಲಾವನ್ನೇ ನೋಡಿ. ಮರಾಠಿಯಲ್ಲಿ ಇದು ಭಾಯಖಳಾ. ಇಲ್ಲಿಯ ರಾಣಿಬಾಗಿಗೆ ಕಾಗದದಲ್ಲಿ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವೆಂದು ಹೆಸರು. ವಿಕ್ಟೋರಿಯಾ ಟರ್ಮಿನಸ್ಸು ೧೯೯೬ರಲ್ಲಿ ಛತ್ರಪತಿ ಶಿವಾಜಿಯವರ ಹೆಸರು ಪಡೆಯಿತು. ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ವೀಟಿ. ಎಲ್ಫಿನ್‌ಸ್ಟನ್ ರೋಡ್ ೨೦೧೮ರಲ್ಲಿ ಪ್ರಭಾದೇವಿಯಾಯಿತು. ಊರಿನಲ್ಲಿ ಉಡುಪಿ, ಇಲ್ಲಿಯ ಹೋಟೆಲಿನ ಫಲಕದಲ್ಲಿ ಉಡಿಪಿ. ಹುಡುಕುವವನು ಯಾವುದನ್ನು ಬರೆದರೂ ತಲುಪಬೇಕಾದ ಸ್ಥಳ ಒಂದೇ. ಆದುದರಿಂದ "ಇದೂ ಅದೂ ಒಂದೇ" ಎಂದು ಹೇಳುವ ಒಂದು ದೊಡ್ಡ ಕೋಷ್ಟಕವನ್ನು ನಾವು ಇಟ್ಟುಕೊಂಡಿದ್ದೇವೆ.

ಮೂರನೆಯದು ಅಕಾರಾದಿ. ೧೯೯೧ರಲ್ಲಿ ಯೂನಿಕೋಡು ಎಂಬ ಜಾಗತಿಕ ಸಂಕೇತಾವಳಿ ಹೊರಬಂದಾಗಲೇ ಅದರಲ್ಲಿ ಕನ್ನಡವಿತ್ತು. ಕನ್ನಡವನ್ನು ಕಂಪ್ಯೂಟರಿನಲ್ಲಿ ಕೂಡಿಸಿದ ಮೊದಲಿಗರಲ್ಲೊಬ್ಬರಾದ ಕೆ. ಪಿ. ರಾಯರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಯೂನಿಕೋಡಿನ ಎಣಿಕೆಯಲ್ಲಿ ಳಕಾರವು ಲಕಾರದ ಬೆನ್ನಿಗೇ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ನಂತರ. ಯಂತ್ರದ ಮಾತು ಕೇಳಿದರೆ ಬಳ್ಳಾರಿಯವರು ಬಸವಪ್ಪನವರಿಗಿಂತ ಮುಂದೆ ಕುಳಿತುಬಿಡುತ್ತಾರೆ. ಇಂಥ ತೊಡಕುಗಳನ್ನು ಬಿಡಿಸುವುದರಲ್ಲಿ ನಾನು ಮೈಮರೆತಿದ್ದೆ. ಇದೇ ನನ್ನ ಕಸಬಿನ ಸಾರವೆಂದು ನಂಬಿದ್ದೆ.

ಹೀಗಿರುವಾಗ ಒಂದು ಸಂಘಕ್ಕೆ ನಾವು ರಕ್ತದಾನಿಗಳ ಡೈರೆಕ್ಟರಿಯನ್ನು ಮಾಡಿಕೊಟ್ಟೆವು. ಮೂರು ತಿಂಗಳಲ್ಲಿ ನಾನೂರು ಹೆಸರು. ದೀಪ ಹಚ್ಚಿ ಉದ್ಘಾಟಿಸಿದರು. ನನಗೆ ಶಾಲು ಹೊದಿಸಿದರು. ನಾನು ಹಣ ಪಡೆದು ಮುಂದಿನ ಕೆಲಸಕ್ಕೆ ಹೋದೆ. ಮೂರು ವರ್ಷಗಳ ತರುವಾಯ, ಮಳೆಗಾಲದ ಒಂದು ರಾತ್ರಿ, ಕುಂದಾಪುರದ ಕಡೆಯ ಒಬ್ಬ ತರುಣನ ಹೆಂಡತಿಗೆ ಹೆರಿಗೆಯಲ್ಲಿ ರಕ್ತ ಬೇಕಾಯಿತು. ಅವಳದು ಸುಲಭವಾಗಿ ಸಿಕ್ಕದ ಗುಂಪು. ಆತ ನಮ್ಮ ಪಟ್ಟಿಯನ್ನು ತೆರೆದು ಕರೆಮಾಡತೊಡಗಿದ. ನಾಲ್ಕು ನಂಬರುಗಳು ಬಳಕೆಯಲ್ಲಿರಲಿಲ್ಲ. ಮೂವರು ಊರಿಗೆ ಹೋಗಿ ನೆಲಸಿಬಿಟ್ಟಿದ್ದರು. ಇಬ್ಬರು ಎತ್ತಲಿಲ್ಲ. ಹತ್ತನೆಯ ಕರೆಗೆ ಒಬ್ಬ ಹುಡುಗ, "ಅಪ್ಪ ತೀರಿಕೊಂಡು ಎರಡು ವರ್ಷವಾಯಿತು" ಎಂದನಂತೆ. ಹನ್ನೊಂದನೆಯವರು ಡೊಂಬಿವಿಲಿಯಿಂದ ಮಳೆಯಲ್ಲಿಯೇ ಹೊರಟು ಬಂದರು. ದೇವರ ದಯೆಯಿಂದ ತಾಯಿ ಮಗು ಇಬ್ಬರೂ ಉಳಿದರು.

ಎಂಟು ದಿನಗಳ ಮೇಲೆ ಆ ತರುಣ ನಮ್ಮ ಗಾಳಾ ಹುಡುಕಿಕೊಂಡು ಬಂದ. ಬಯ್ಯಲಿಲ್ಲ. ಚಹಾ ಕುಡಿದ. ಹೊರಡುವಾಗ ಹೇಳಿದ: "ಅಣ್ಣಾ, ನಿಮ್ಮ ಪಟ್ಟಿ ಇರದಿದ್ದರೆ ನಾನು ಹೋಟೆಲಿನ ಹುಡುಗರನ್ನೆಲ್ಲ ಎಬ್ಬಿಸುತ್ತಿದ್ದೆ. ಪಟ್ಟಿ ಇದೆಯಲ್ಲಾ ಎಂದು ನಂಬಿ ಒಂದೂವರೆ ಗಂಟೆ ಕಳೆದೆ."

ಆ ಮಾತು ನನ್ನ ನಿದ್ದೆ ಕೆಡಿಸಿತು. ಪಟ್ಟಿ ಇಲ್ಲದವನು ಬೇರೆ ದಾರಿ ಹುಡುಕುತ್ತಾನೆ. ಹಳಸಿದ ಪಟ್ಟಿಯನ್ನು ನಂಬಿದವನು ಆ ದಾರಿಯನ್ನೂ ಕಳೆದುಕೊಳ್ಳುತ್ತಾನೆ. ಅಂದಿನಿಂದ ನಮ್ಮ ತಂತ್ರಾಂಶದಲ್ಲಿ ಪ್ರತಿಯೊಂದು ಹೆಸರಿನ ಪಕ್ಕದಲ್ಲಿ, ಅದನ್ನು ಕೊನೆಯದಾಗಿ ವಿಚಾರಿಸಿದ ತಾರೀಖು ಕಾಣುತ್ತದೆ. ಆರು ತಿಂಗಳು ವಿಚಾರಿಸದಿದ್ದರೆ ಹೆಸರು ಮಸುಕಾಗುತ್ತದೆ. ಒಂದು ವರ್ಷವಾದರೆ ಪಟ್ಟಿಯಿಂದ ತಾನಾಗಿ ಮರೆಯಾಗುತ್ತದೆ. ವಿಚಾರಿಸುವುದಕ್ಕೆಂದೇ ಒಬ್ಬ ಹೆಣ್ಣುಮಗಳಿದ್ದಾಳೆ. ಕನ್ನಡ, ತುಳು, ಮರಾಠಿ, ಹಿಂದಿ ನಾಲ್ಕನ್ನೂ ಬಲ್ಲಳು. ಬೆಳಿಗ್ಗೆ ಹತ್ತರಿಂದ ಕರೆಮಾಡುತ್ತ ಕೂಡುತ್ತಾಳೆ. ನನ್ನ ತಂತ್ರಾಂಶದಲ್ಲಿ ಎಲ್ಲಕ್ಕಿಂತ ಉತ್ತಮವಾದ ಭಾಗ ಯಾವುದೆಂದು ಕೇಳಿದರೆ ನಾನು ಆಕೆಯನ್ನು ತೋರಿಸುತ್ತೇನೆ.

ಇದರಿಂದ ವ್ಯಾಪಾರದ ಲೆಕ್ಕವೇ ಬದಲಾಯಿತು. ಮೊದಲು ಕಟ್ಟಿಕೊಟ್ಟು ಒಮ್ಮೆಗೇ ಹಣ ಪಡೆಯುತ್ತಿದ್ದೆ. ಈಗ ಕಟ್ಟುವುದಕ್ಕೆ ಕಡಿಮೆ, ವರ್ಷವರ್ಷದ ಪಾಲನೆಗೆ ಹೆಚ್ಚು. ಸರ್ವರಿನ ಬಾಡಿಗೆ, ಪ್ರತಿಯೊಂದರ ನಕಲನ್ನು ಬೇರೆಡೆ ಕಾದಿಡುವ ಖರ್ಚು, ಕರೆಮಾಡುವವಳ ಸಂಬಳ, ಇವು ತಿಂಗಳು ತಪ್ಪದೆ ಬರುತ್ತವೆ. ಹೀಗೆಂದಾಗ ಕೆಲವು ಗಿರಾಕಿಗಳು ಬಿಟ್ಟುಹೋದರು. ಹೊಸದನ್ನು ಕಟ್ಟಿದವನಿಗೆ ಮಾಲೆ ಹಾಕುವ ನಾವು, ಇದ್ದುದನ್ನು ಕಾಯುವವನ ಬಿಲ್ಲು ಕಂಡರೆ ಹುಬ್ಬು ಗಂಟಿಕ್ಕುತ್ತೇವೆ. ಹಣ ಕೊಟ್ಟ ಅಂಗಡಿಯನ್ನು ಮೇಲೆ ತೋರಿಸುವುದುಂಟು. ಅದು ಜಾಹೀರಾತೆಂದು ಸ್ಪಷ್ಟವಾಗಿ ಬರೆದಿರುತ್ತೇವೆ. ಪಟ್ಟಿಯನ್ನೇ ಕೊಂಡುಕೊಳ್ಳುತ್ತೇವೆಂದು ಬಂದವರೂ ಉಂಟು, ಕೊಡಲಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ವಿವರವನ್ನು ಬಳಸಬಾರದೆಂದು ೨೦೨೩ರಲ್ಲಿ ಕೇಂದ್ರ ಸರಕಾರ ಕಾಯಿದೆಯನ್ನೇ ಮಾಡಿದೆ. ಕಾಯಿದೆ ಇರದಿದ್ದರೂ, ನಂಬಿ ಕೊಟ್ಟ ನಂಬರನ್ನು ಮಾರುವುದು ನಮ್ಮ ಹಿರಿಯರು ಒಪ್ಪುವ ಕೆಲಸವಲ್ಲ.

ಕೊನೆಯದಾಗಿ ಒಂದು ಬಿನ್ನಹ. ೧೯೫೬ರ ನವೆಂಬರ್ ೧ರಂದು ಹರಿದು ಹಂಚಿದ್ದ ಕನ್ನಡ ಪ್ರದೇಶಗಳು ಒಂದು ರಾಜ್ಯವಾದವು. ನಾವು ಆ ಗೆರೆಯ ಹೊರಗೆ ಬಾಳುವವರು. ಬೈಕುಲ್ಲಾದ ಚಾಳುಗಳನ್ನು ಬಿಟ್ಟು ಡೊಂಬಿವಿಲಿಗೆ, ಮೀರಾ ರೋಡಿಗೆ, ನವಿ ಮುಂಬಯಿಗೆ ನಮ್ಮ ಸಂಸಾರಗಳು ಚದರಿವೆ. ಮನೆ ಬದಲಾದಾಗ ಬ್ಯಾಂಕಿಗೂ ಗ್ಯಾಸಿನವರಿಗೂ ತಪ್ಪದೆ ತಿಳಿಸುತ್ತೇವೆ; ಸಂಘಕ್ಕೆ ತಿಳಿಸಲು ಮರೆಯುತ್ತೇವೆ. ಬಾಗಿಲ ಬಳಿಯ ಮೇಜಿನ ಮೇಲೆ ನಮ್ಮ ಸಂಘದ ಸದಸ್ಯರ ಪುಸ್ತಕವಿದೆ, ಪಕ್ಕದಲ್ಲಿ ಪೆನ್ನಿದೆ. ಊಟಕ್ಕೆ ಹೋಗುವ ಮೊದಲು ತಮ್ಮ ತಮ್ಮ ಹೆಸರಿನ ಮುಂದಿರುವ ನಂಬರನ್ನು ಒಮ್ಮೆ ನೋಡಿ, ತಪ್ಪಿದ್ದರೆ ತಿದ್ದಬೇಕಾಗಿ ಬೇಡುತ್ತೇನೆ. ಯಾವ ರಾತ್ರಿ ಯಾರಿಗೆ ಅದು ಬೇಕಾಗುವುದೋ ಬಲ್ಲವರಾರು?