ಉತಾರದಲ್ಲಿ ಒಂದು ಹೆಸರು, ಹೊಲದಲ್ಲಿ ಹತ್ತು ಕೈ

ಎಳ್ಳಮಾವಾಸ್ಯೆಯ ದಿನ ತೊರವಿಯ ಯಾವುದಾದರೂ ಹೊಲದ ಒಡ್ಡಿನ ಮೇಲೆ ಹೋಗಿ ನಿಲ್ಲಿ. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ಹೊರಟರೆ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಬರುತ್ತದೆ, ಅದರ ಆಚೀಚೆ ಎರಿಹೊಲಗಳು. ಹಿಂಗಾರಿ ಜೋಳ ಆಗ ಎದೆಮಟ್ಟ ಬಂದಿರುತ್ತದೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಸಜ್ಜಿ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಬುಟ್ಟಿಯಿಂದ ಇಳಿಯುತ್ತವೆ. ಆಮೇಲೆ ಮನೆಯವರೆಲ್ಲ ಹೊಲ ಸುತ್ತಿ ಚರಗ, ಅಂದರೆ ಆ ಅಡಿಗೆಯ ಎಡೆ, ಚೆಲ್ಲುತ್ತಾರೆ. ಮುಂದೆ ಮುದುಕಿ, ಅವಳ ಹಿಂದೆ ಗಂಡುಮಕ್ಕಳು, ಸೊಸೆಯರು, ಹಬ್ಬಕ್ಕೆಂದು ಬಂದ ಹೆಣ್ಣುಮಗಳು, ಕೊನೆಗೆ ಮೊಮ್ಮಕ್ಕಳು.

ನನಗೆ ಪರಿಚಯದ ಒಂದು ಮನೆಯವರ ಜೊತೆ ಹಾಗೆ ನಿಂತಿದ್ದಾಗ ಒಂದು ಪ್ರಶ್ನೆ ಎದ್ದಿತು. ಈ ಗುಂಪಿನಲ್ಲಿ ಸರಕಾರದ ಲೆಕ್ಕಕ್ಕೆ ರೈತ ಯಾರು? ಆ ಮನೆಯ ಉತ್ತರ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅಲ್ಲಿದ್ದವರಲ್ಲಿ ಯಾರೂ ಅಲ್ಲ. ಆರು ಎಕರೆಯ ಆ ಹೊಲದ ಉತಾರ, ಅಂದರೆ ಪಹಣಿ ಪತ್ರಿಕೆ, ಒಂಬತ್ತು ವರ್ಷದ ಹಿಂದೆ ತೀರಿಹೋದ ಯಜಮಾನರ ಹೆಸರಿನಲ್ಲೇ ಇತ್ತು.

ಕುಟುಂಬದ ಒಕ್ಕಲುತನಕ್ಕೆ ಸರಕಾರ ಏನು ಆಸರೆ ಕೊಡುತ್ತದೆ, ಆ ಆಸರೆ ಯಾವ ದಾರಿಯಲ್ಲಿ ಮನೆ ಮುಟ್ಟುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಇವತ್ತು ಈ ಒಂದು ಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಹೇಳುತ್ತೇನೆ.

ವಿಶ್ವಸಂಸ್ಥೆ 2014ನೇ ವರ್ಷವನ್ನು ಕುಟುಂಬ ಕೃಷಿಯ ವರ್ಷವೆಂದು ಸಾರಿತ್ತು. ಆಮೇಲೆ 2019ರಿಂದ 2028ರವರೆಗಿನ ಹತ್ತು ವರ್ಷಗಳನ್ನೇ ಅದಕ್ಕೆ ಮೀಸಲಿಟ್ಟಿತು. ಅವರು ಕುಟುಂಬ ಕೃಷಿ ಎನ್ನುವುದು ಮನೆಯವರೇ ನೋಡಿಕೊಂಡು, ಮುಖ್ಯವಾಗಿ ಮನೆಯವರ ದುಡಿಮೆಯಿಂದಲೇ ನಡೆಯುವ ಒಕ್ಕಲುತನಕ್ಕೆ. ನಮಗೆ ಇದಕ್ಕೆ ಬೇರೆ ಹೆಸರೇ ಬೇಕಿಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಎರಡು ಹೆಕ್ಟೇರಿಗಿಂತ, ಅಂದರೆ ಐದು ಎಕರೆಗಿಂತ ಚಿಕ್ಕವು. ಅಷ್ಟು ನೆಲಕ್ಕೆ ಸಂಬಳದ ಆಳು ಇಟ್ಟು ಒಕ್ಕಲುತನ ಮಾಡಿದರೆ ಉಳಿಯುವುದೇನು? ಬಿತ್ತುವುದು, ಎಡೆ ಹೊಡೆಯುವುದು, ಕಸ ತೆಗೆಯುವುದು, ರಾಶಿ ಮಾಡುವುದು ಎಲ್ಲ ಮನೆಯವರದೇ. ಸಾಲದೆ ಬಿದ್ದರೆ ನೆರೆಹೊಲದವರೊಡನೆ ಮುಯ್ಯಾಳು.

ಈ ಸೀಮೆಯ ಒಕ್ಕಲಿಗರಿಗೆ ಸರಕಾರದ ಕೈ ತಗುಲಿದ್ದು ಇವತ್ತು ನಿನ್ನೆಯಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯ ನೆಲದೊಳಗಿನ ನೀರು ಸುರಂಗದಲ್ಲಿ ಹರಿದು ವಿಜಯಪುರ ಪಟ್ಟಣಕ್ಕೆ ಹೋಗುತ್ತಿತ್ತು. ಊರ ನೀರು ರಾಜಧಾನಿಗೆ ಹೋಯಿತು. ರಾಜಧಾನಿಯಿಂದ ಹೊಲಕ್ಕೆ ಏನು ಬಂತು ಎಂದು ಕೇಳುವ ಕಾಲ ಅದಾಗಿರಲಿಲ್ಲ. 1876–78ರ ಬರ ಈ ಜಿಲ್ಲೆಯನ್ನು ಹಿಂಡಿ ಹಾಕಿದ ಮೇಲೆ, 1883 ಮತ್ತು 1884ರಲ್ಲಿ ಬ್ರಿಟಿಷ್ ಸರಕಾರ ಎರಡು ಸಾಲದ ಕಾಯ್ದೆ ತಂದಿತು. ಒಂದು ಬಾವಿ, ಒಡ್ಡಿನಂಥ ಭೂ ಅಭಿವೃದ್ಧಿಗೆ. ಇನ್ನೊಂದು ಬೀಜ, ಎತ್ತಿನ ಖರ್ಚಿಗೆ. ಹಿರಿಯರ ಬಾಯಲ್ಲಿ ಅದು ತಗಾವಿ ಸಾಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಗೆ ಒಕ್ಕಲಿಗರು ತಾವೇ ಹುಡುಕಿಕೊಂಡ ಮದ್ದು ಅದು. ಇವತ್ತು ನಾವು ಊರೂರಲ್ಲಿ ‘ಸೊಸೈಟಿ’ ಎನ್ನುವುದರ ಬೇರು ಅಲ್ಲಿದೆ. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಶುರುವಾಯಿತು. ಮುಂಬಯಿ ಸರಕಾರದ 1942ರ ಭೂ ಅಭಿವೃದ್ಧಿ ಕಾಯ್ದೆಯ ಕಾಲದಲ್ಲಿ ಇಳಿಜಾರು ನೋಡಿ ಒಡ್ಡು ಹಾಕುವ ಕೆಲಸ ನಡೆಯಿತು. ಇಂದು ನಾವು ಚರಗ ಚೆಲ್ಲುತ್ತ ನಡೆಯುವುದು ಅಂಥ ಒಡ್ಡುಗಳ ಮೇಲೆಯೇ.

ಎಲ್ಲಕ್ಕಿಂತ ದೊಡ್ಡ ಹೆಜ್ಜೆ 1974ರದು. ದೇವರಾಜ ಅರಸರ ಸರಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, ಗೇಣಿ ಜಮೀನನ್ನೆಲ್ಲ ಸರಕಾರದ ವಶಕ್ಕೆ ತೆಗೆದುಕೊಂಡು, ಉಳುವವನಿಗೇ ಒಡೆತನ ಕೊಡಲು ಹೊರಟಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಹಾಕಬೇಕು, ಭೂ ನ್ಯಾಯಮಂಡಳಿ ತೀರ್ಪು ಕೊಡಬೇಕು. ಎಷ್ಟೋ ಮನೆಗಳಿಗೆ ಸ್ವಂತ ಹೊಲ ಬಂದದ್ದು ಆ ಒಂದು ಅರ್ಜಿಯಿಂದ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಆರು ಎಕರೆಯ ನಮ್ಮ ಮನೆಗೆ ಬರೋಣ.

ಪಿಎಂ ಕಿಸಾನ್ ಎಲ್ಲರಿಗೂ ಗೊತ್ತು. 2019ರಲ್ಲಿ ಶುರುವಾಯಿತು. ವರ್ಷಕ್ಕೆ 6,000 ರೂಪಾಯಿ, ಎರಡೆರಡು ಸಾವಿರದಂತೆ ಮೂರು ಕಂತು. ಆದರೆ ಅದರ ನಿಯಮದಲ್ಲಿ ‘ಕುಟುಂಬ’ ಎಂದರೆ ಏನು ಎಂಬುದನ್ನು ಎಷ್ಟು ಜನ ಓದಿದ್ದೇವೆ? ಗಂಡ, ಹೆಂಡತಿ ಮತ್ತು ಹದಿನೆಂಟು ತುಂಬದ ಮಕ್ಕಳು, ಇಷ್ಟೇ. ಒಂದೇ ಒಲೆಯ ಮೇಲೆ ರೊಟ್ಟಿ ಬೇಯುವ ಮೂವರು ಅಣ್ಣತಮ್ಮಂದಿರ ಈ ಮನೆ ಆ ನಿಯಮದ ಕಣ್ಣಿಗೆ ಮೂರು ಕುಟುಂಬ. ಹಾಗಾದರೆ ಮೂವರಿಗೂ ಬರಬೇಕಲ್ಲ? ಬರುತ್ತಿತ್ತು, ಉತಾರದಲ್ಲಿ ಅವರ ಹೆಸರಿದ್ದಿದ್ದರೆ. ತೀರಿಹೋದವರ ಹೆಸರಿಗೆ ಹಣ ಬರುವುದಿಲ್ಲ, ಬದುಕಿದ್ದವರ ಹೆಸರು ಕಾಗದದಲ್ಲಿಲ್ಲ. ವಾರಸಾ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಂಡಿದ್ದರೆ ಈ ಮೂವರಿಂದಲೇ ವರ್ಷಕ್ಕೆ 18,000 ರೂಪಾಯಿ ಬರಬಹುದಿದ್ದ ಮನೆಗೆ ಬಂದದ್ದು ಸೊನ್ನೆ. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರಿಗೆ ಈ ಯೋಜನೆ ಸಿಗುವುದಿಲ್ಲ ನಿಜ, ಆದರೆ ವಾರಸಾದಿಂದ ಹೆಸರು ಬಂದವರಿಗೆ ಆ ಅಡ್ಡಿ ಇಲ್ಲ. ಆದಾಯ ತೆರಿಗೆ ಕಟ್ಟುವವರು, ಸರಕಾರಿ ನೌಕರಿಯಲ್ಲಿರುವವರು ಮುಂತಾದವರನ್ನು ಯೋಜನೆಯಿಂದ ಹೊರಗಿಟ್ಟಿದ್ದಾರೆ.

ಅದೇ ಹೊಲಕ್ಕೆ ಇನ್ನೊಂದು ಲೆಕ್ಕವಿದೆ. ಆರು ಎಕರೆ ಅಂದರೆ ಹತ್ತಿರ ಹತ್ತಿರ ಎರಡೂವರೆ ಹೆಕ್ಟೇರ್. ಒಬ್ಬರ ಹೆಸರಿನಲ್ಲಿದ್ದರೆ ಅದು ಸಣ್ಣ ಹಿಡುವಳಿಯೂ ಅಲ್ಲ, ಏಕೆಂದರೆ ಸಣ್ಣ ರೈತನ ಮಿತಿ ಎರಡು ಹೆಕ್ಟೇರ್. ಮೂವರು ಅಣ್ಣತಮ್ಮಂದಿರಿಗೆ ಹಂಚಿದರೆ ತಲಾ ಎರಡು ಎಕರೆ. ಒಂದು ಹೆಕ್ಟೇರಿನೊಳಗೆ ಬಂದು ಮೂವರೂ ಅತಿಸಣ್ಣ ರೈತರಾಗುತ್ತಾರೆ. ನೆಲ ಅದೇ, ಎತ್ತು ಅವೇ, ಉಣ್ಣುವ ಬಾಯಿಗಳೂ ಅಷ್ಟೇ. ಬದಲಾದದ್ದು ಕಾಗದ. 2023ರ ಬರದ ಹೊತ್ತಿಗೆ ಕೇಂದ್ರದ ವಿಪತ್ತು ನಿಧಿಯ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ ಪರಿಹಾರವಿತ್ತು, ಒಬ್ಬ ರೈತನಿಗೆ ಎರಡು ಹೆಕ್ಟೇರಿಗೆ ಮಾತ್ರ. ಆ ವರ್ಷ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದಾಗ ಈ ಲೆಕ್ಕ ಮನೆಮನೆಯ ಲೆಕ್ಕವಾಗಿತ್ತು.

ಇದರಿಂದ ಆಗುತ್ತಿರುವುದೇನು? ಮನೆ ಒಡೆಯದೆಯೇ ಕಾಗದದಲ್ಲಿ ವಾಟ್ನಿ, ಅಂದರೆ ಪಾಲು, ಮಾಡಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಒಲೆ ಒಂದು, ಖಾತೆ ಮೂರು. ಅವರನ್ನು ನಾನು ತಪ್ಪಿತಸ್ಥರೆನ್ನಲಾರೆ. ಕೂಡಿ ಬಾಳುವ ಮನೆಗಿಂತ ಬೇರೆಯಾದ ಮನೆಗೆ ಹೆಚ್ಚು ಆಸರೆ ಸಿಗುವ ಹಾಗೆ ನಿಯಮ ಬರೆದದ್ದು ಒಕ್ಕಲಿಗರಲ್ಲ. ಕೂಡುಕುಟುಂಬವನ್ನು ಕೂಡುಕುಟುಂಬವಾಗಿಯೇ ಗುರುತಿಸಿ, ಅದರೊಳಗಿನ ಪ್ರತಿ ದಂಪತಿಗೂ ಪಾಲು ಕೊಡುವ ದಾರಿ ಬೇಕು.

ಹೆಸರು ಒಮ್ಮೆ ಉತಾರಕ್ಕೆ ಬಂತೆಂದರೆ ಬಾಗಿಲುಗಳು ಸಾಲಾಗಿ ತೆರೆಯುತ್ತವೆ. ಆಧಾರ್, ಪಹಣಿ, ಬ್ಯಾಂಕ್ ಖಾತೆ ಕೊಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ‘ಫ್ರೂಟ್ಸ್’ ಎಂಬ ರೈತರ ದಾಖಲೆಯಲ್ಲಿ ನೋಂದಣಿ ಮಾಡಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಅದನ್ನೇ ಜನ ಎಫ್‌ಐಡಿ ಎನ್ನುವುದು. ಬರ ಪರಿಹಾರ, ಬೀಜದ ರಿಯಾಯಿತಿ, ಬೆಂಬಲ ಬೆಲೆಯ ಖರೀದಿ ಎಲ್ಲಕ್ಕೂ ಅದೇ ಕೀಲಿಕೈ. 2024–25ರ ಹಂಗಾಮಿನಲ್ಲಿ ತೊಗರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ. ಅದರ ಮೇಲೆ ರಾಜ್ಯ ಸರಕಾರ 450 ರೂಪಾಯಿ ಸೇರಿಸಿತು. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿ ಇಲ್ಲ. ಬಡ್ಡಿಯಿಲ್ಲದ ಆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ 2023ರ ಬಜೆಟ್ ಹೇಳಿತು. ಆದರೆ ಬಡ್ಡಿ ಇಲ್ಲದಿರುವುದು ವಾಯಿದೆಯೊಳಗೆ ತೀರಿಸಿದವರಿಗೆ ಮಾತ್ರ. ವಾಯಿದೆ ಮೀರಬಾರದೆಂದು ಹೊರಗೆ ಕೈಗಡ ತಂದು ಸೊಸೈಟಿಗೆ ಕಟ್ಟಿ, ಹೊಸ ಸಾಲ ಬಂದ ಮೇಲೆ ಕೈಗಡ ತೀರಿಸುವವರಿದ್ದಾರೆ. ಆ ನಾಲ್ಕೆಂಟು ದಿನಗಳ ಬಡ್ಡಿ ಯಾವ ಸರಕಾರದ ದಫ್ತರದಲ್ಲೂ ಕಾಣುವುದಿಲ್ಲ.

ಬೆಳೆವಿಮೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ತಪ್ಪು ತಿಳಿವಳಿಕೆ ಇಲ್ಲಿ ಬಹಳ. 2016ರ ಫಸಲ್ ಬಿಮಾ ಯೋಜನೆಯಲ್ಲಿ ರೈತ ಕಟ್ಟಬೇಕಾದದ್ದು ಮುಂಗಾರಿ ಬೆಳೆಗೆ ವಿಮಾ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ 5. ಉಳಿದದ್ದನ್ನು ಸರಕಾರಗಳು ತುಂಬುತ್ತವೆ. ‘ನನ್ನ ತೊಗರಿ ಪೂರಾ ಹೋಯಿತು, ವಿಮೆ ಯಾಕೆ ಬರಲಿಲ್ಲ’ ಎಂದು ಕೇಳುತ್ತಾರೆ. ಬರದಂಥ ನಷ್ಟವನ್ನು ನಿಮ್ಮ ಒಂದು ಹೊಲ ನೋಡಿ ಅಳೆಯುವುದಿಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿ ಒಂದು ಘಟಕ. ಅದರೊಳಗೆ ಆರಿಸಿದ ಕೆಲವು ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ, ಹಿಂದಿನ ವರ್ಷಗಳ ಇಳುವರಿಯೊಡನೆ ತಾಳೆ ನೋಡುತ್ತಾರೆ. ಆಲಿಕಲ್ಲಿನಂಥ ಸ್ಥಳೀಯ ಹಾನಿಯಾದಾಗ ನಿಮ್ಮ ಹೊಲದ ನಷ್ಟ ನಿಮ್ಮದೇ ಲೆಕ್ಕ. ಆದರೆ 72 ತಾಸಿನೊಳಗೆ ತಿಳಿಸಬೇಕು. ಆಲಿಕಲ್ಲಿನ ಮರುದಿನ ಮನೆಯವರೆಲ್ಲ ಮುರಿದ ಬೆಳೆಯ ನಡುವೆ ಕೈಚೆಲ್ಲಿ ಕೂತಿರುವಾಗ ಈ 72 ತಾಸು ಜಾರಿಹೋಗುತ್ತವೆ. ಮನೆಯಲ್ಲಿ ಒಬ್ಬರಾದರೂ ಇದನ್ನು ನೆನಪಿಟ್ಟಿರಿ.

ಇದೇ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಕಡೆ ಮಾತು ಬೇರೆ. ಅಲ್ಲಿ ದ್ರಾಕ್ಷಿ ಪಡದ್ದೇ ರಾಜ್ಯಭಾರ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಆ ಎತ್ತರದ ನೆಲ ಹತ್ತಿತು. ಒಣ ಒಕ್ಕಲುತನದ ಇನ್ನಷ್ಟು ಮನೆಗಳು ದ್ರಾಕ್ಷಿಗೆ ತಿರುಗಿದವು. ಬಳ್ಳಿ ಸವರುವ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಔಷಧಿ, ಒಣದ್ರಾಕ್ಷಿಯ ಶೆಡ್ಡು, ಕೋಲ್ಡ್ ಸ್ಟೋರೇಜಿನ ಬಾಡಿಗೆ. ಆದಾಯ ದೊಡ್ಡದು, ಸಾಲವೂ ದೊಡ್ಡದು. ಆದರೂ ಆ ತೋಟ ನಿಂತಿರುವುದು ಗೊನೆ ಬಿಡಿಸುವ, ಕಸ ಆರಿಸುವ ಹೆಣ್ಣುಮಕ್ಕಳ ಕೈಮೇಲೆಯೇ.

ಇನ್ನು ಲಾವಣಿ, ಅಂದರೆ ಗೇಣಿ. ನಮ್ಮ ಆರು ಎಕರೆ ಮನೆಯ ನಡುವಿನ ಮಗ ಪಟ್ಟಣ ಸೇರಿದ ನೆರೆಯವರ ನಾಲ್ಕು ಎಕರೆಯನ್ನು ಲಾವಣಿಗೆ ಹಿಡಿದಿದ್ದಾನೆ. ಯುಗಾದಿ ಪಾಡ್ಯಕ್ಕೆ ರೊಕ್ಕ ಕೊಟ್ಟ, ಮಾತಾಯಿತು, ಮುಗಿಯಿತು. ಕಾಗದವಿಲ್ಲ. ಆ ನಾಲ್ಕು ಎಕರೆಗೆ ಬೀಜ, ಗೊಬ್ಬರ, ಬೆವರು ಇವನದು. ಬರ ಪರಿಹಾರ ಬಂದರೆ ಒಡೆಯನ ಖಾತೆಗೆ. ವಿಮೆಯ ನಿಯಮದಲ್ಲಿ ಗೇಣಿದಾರರಿಗೂ ಜಾಗವಿದೆ, ಆದರೆ ತೋರಿಸಲು ಪತ್ರ ಬೇಕು. ಒಡೆಯ ಪತ್ರ ಕೊಡಲಾರ. ಯಾಕೆ? 1974ರ ನೆನಪು. ಸಹಿ ಹಾಕಿಕೊಟ್ಟರೆ ನಾಳೆ ಹೊಲವೇ ಹೋದೀತೆಂಬ ಅಂಜಿಕೆ. ಮೇಲಾಗಿ ಆ ಕಾಯ್ದೆ ಜಮೀನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಒಂದು ಕಾಲದಲ್ಲಿ ಉಳುವವನನ್ನು ಒಡೆಯನನ್ನಾಗಿಸಿದ ಅದೇ ಕಾಯ್ದೆಯ ನೆರಳಲ್ಲಿ ಇವತ್ತಿನ ಉಳುವವನು ಹೆಸರಿಲ್ಲದವನಾಗಿದ್ದಾನೆ. ಒಡೆತನಕ್ಕೆ ಧಕ್ಕೆಯಾಗದೆ, ಒಂದು ಹಂಗಾಮಿಗಷ್ಟೇ ಸಲ್ಲುವ ಸಾಗುವಳಿ ಚೀಟಿ ಕೊಡುವ ವ್ಯವಸ್ಥೆ ಬಂದರೆ ಇಬ್ಬರೂ ನಿಶ್ಚಿಂತರಾದಾರು. ಇದನ್ನು ನಾನು ಬಹಳ ಯೋಚಿಸಿ ಹೇಳುತ್ತಿದ್ದೇನೆ.

ಮತ್ತೆ ಹೆಣ್ಣುಮಕ್ಕಳು. ದೇಶದ ಹಿಡುವಳಿಗಳಲ್ಲಿ ಹೆಣ್ಣುಮಕ್ಕಳು ನಡೆಸುವವು ನೂರಕ್ಕೆ 14 ಎನ್ನುತ್ತದೆ 2015–16ರ ಅದೇ ಗಣತಿ. ಕರ್ನಾಟಕ 1994ರಲ್ಲೇ, ಕೇಂದ್ರದ ಕಾಯ್ದೆಗಿಂತ ಹನ್ನೊಂದು ವರ್ಷ ಮೊದಲು, ಹೆಣ್ಣುಮಗಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಗನಷ್ಟೇ ಹಕ್ಕು ಕೊಟ್ಟ ರಾಜ್ಯ. ಆದರೂ ವಾರಸಾ ಮಾಡಿಸುವ ಹೊತ್ತಿಗೆ ಮುದುಕಿಯ ಹೆಸರು, ಮಗಳ ಹೆಸರು ಬಿಟ್ಟುಹೋಗುವುದನ್ನು ಕಂಡಿದ್ದೇನೆ. ‘ನನಗ್ಯಾಕಪ್ಪಾ, ನೀವ ಇದ್ದೀರಲ್ಲ’ ಎಂದು ಅವರೇ ಹೇಳುವ ಹಾಗೆ ಬೆಳೆಸಿದ್ದೇವೆ.

ಆ ಮನೆಯವರು ಕಡೆಗೂ ಹೊರಟರು. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಜೋಡಿಸಿ ನಾಡಕಚೇರಿಗೆ ಅರ್ಜಿ ಕೊಟ್ಟರು. ಆ ವಂಶವೃಕ್ಷದಲ್ಲಿ ಮುದುಕಿಯ ಹೆಸರು ಮೊದಲು, ಗಂಡುಮಕ್ಕಳ ಸಾಲಿನಲ್ಲೇ ಹೆಣ್ಣುಮಗಳ ಹೆಸರು ಇತ್ತು. ಬರೆಸಿದವಳು ಡಿಗ್ರಿ ಓದಿದ ಕಿರಿಸೊಸೆ. ‘ಅತ್ತೀ, ನಿಮ್ಮ ಹೆಸರಿಲ್ಲದ ಈ ಹೊಲ ಯಾರದಂತ ಬರಸೂಣು?’ ಎಂದು ಕೇಳಿದಳಂತೆ.

ಕಳೆದ ಹಂಗಾಮಿನಲ್ಲಿ ಅವಳನ್ನು ಅದೇ ಹೊಲದಲ್ಲಿ ಕಂಡೆ. ಬೆಳೆ ಸಮೀಕ್ಷೆಯ ಆ್ಯಪ್ ತೆರೆದು, ಸರ್ವೆ ನಂಬರಿನ ಗಡಿಯೊಳಗೆ ನಿಂತು ಫೋಟೊ ತೆಗೆಯುತ್ತಿದ್ದಳು. 2020ರಿಂದ ರೈತರೇ ತಮ್ಮ ಬೆಳೆಯ ವಿವರ ಹೀಗೆ ದಾಖಲಿಸಬಹುದು. ಸಮೀಕ್ಷೆಯಲ್ಲಿ ಒಂದು ಬೆಳೆ, ವಿಮೆಯಲ್ಲಿ ಇನ್ನೊಂದು ಬೆಳೆ ಇದ್ದರೆ ವಿಮೆ ಹಣಕ್ಕೆ ತೊಡಕಾಗುತ್ತದೆ, ಅದಕ್ಕೇ ಅವಳು ಬೇರೆಯವರಿಗೆ ಬಿಡಲಿಲ್ಲ. ಜೋಳದ ನಡುವೆ ಹಾಕಿದ ಕುಸುಬಿಯ ಸಾಲನ್ನೂ ಎಣಿಸಿ ಬರೆದಳು. ಫೋನಿನ ನಕಾಶೆ ಒಮ್ಮೆ ಗಡಿಯ ಆಚೆ ತೋರಿಸಿತು. ಅವಳು ತಲೆಯೆತ್ತಿ ಬಾಂದ ಕಲ್ಲಿನ ಕಡೆ ನೋಡಿದಳು. ಅತ್ತೆ ಒಡ್ಡಿನ ಮೇಲೆ ಕೂತೇ ಕೈ ಮಾಡಿ ಹೇಳಿದಳು: ‘ಇನ್ನ ನಾಕ್ ಹೆಜ್ಜಿ ಒಳಗ ಬಾ ತಂಗಿ. ಅಲ್ಲಿಂದ ನಮ್ದು.’